ಮೊಗ್ರಾಲು ಸೇತುವೆಯ ಗಾಳಿ ಮತ್ತು ಐದು ಸೆಂಟಿಮೀಟರ್

ಸಂಜೆ ಶಾಲೆ ಬಿಟ್ಟು ಸೈಕಲ್ಲಿನಲ್ಲಿ ಮೊಗ್ರಾಲು ಸೇತುವೆ ಹತ್ತಿದರೆ ಸಾಕು, ಯಾರೋ ಕ್ಯಾರಿಯರಿಗೆ ಹಗ್ಗ ಕಟ್ಟಿ ಹಿಂದಕ್ಕೆ ಎಳೆದ ಹಾಗೆ ಆಗುತ್ತದೆ. ಬೆಳಿಗ್ಗೆ ಇದೇ ಸೇತುವೆ ದಾಟಿದ್ದೇ ಗೊತ್ತಾಗುವುದಿಲ್ಲ. ನನ್ನ ಮನೆ ಕುಂಬಳೆಯ ಹತ್ತಿರ, ಶಾಲೆ ಕಾಸರಗೋಡು ಪೇಟೆಯ ಆಚೆ. ಒಂದು ಕಡೆಗೆ 13 ಕಿಲೋಮೀಟರು. ಬೆಳಿಗ್ಗೆ ಗಾಳಿ ಬೀಸಿದರೂ ಗುಡ್ಡೆ ಕಡೆಯಿಂದ ಕಡಲಿಗೆ ಮೆಲ್ಲಗೆ ಹೋಗುತ್ತದೆ. ಮಧ್ಯಾಹ್ನ ನೆಲ ಕಾದ ಮೇಲೆ ಅದು ತಿರುಗುತ್ತದೆ, ಕಡಲ ಮೇಲಿನಿಂದ, ಅದೂ ವಾಯವ್ಯದ ಮೂಲೆಯಿಂದ. ನಾನು ಮನೆಗೆ ಹೋಗುವುದು ಉತ್ತರಕ್ಕೆ. ಸೇತುವೆಯ ಮೇಲೆ ತೆಂಗಿನ ಮರ ಇಲ್ಲ, ಕಾಂಪೌಂಡು ಗೋಡೆ ಇಲ್ಲ. ನಾನು ಮತ್ತು ಗಾಳಿ, ಇಬ್ಬರೇ.

ಬೆಳಿಗ್ಗೆ 32 ನಿಮಿಷ, ಸಂಜೆ 41. ಅದೇ ದಾರಿ, ಅದೇ ಕಾಲು. ಲೆಕ್ಕದ ಮಾಷ್ಟ್ರಿಗೆ ಇಂಥ ವ್ಯತ್ಯಾಸ ದಿನಾ ಕಣ್ಣಿಗೆ ಬೀಳುತ್ತಿದ್ದರೆ ಸುಮ್ನೆ ಕೂರಲಿಕ್ಕೆ ಆಗುವುದಿಲ್ಲ. ಡಿಸೆಂಬರಿನಿಂದ ಫೆಬ್ರವರಿ ತನಕ ಆ ಸೈಕಲ್ಲಿಗೆ ಏನೇನು ಮಾಡಿದೆ, ಏನು ಹಾಳು ಮಾಡಿದೆ, ಎಷ್ಟು ಸಿಕ್ಕಿತು ಅಂತ ಬರೆದಿಟ್ಟದ್ದು ಇದು.

ಸೈಕಲ್ಲು ಮಂಗಳೂರಿನಲ್ಲಿ ಸೆಕೆಂಡ್‌ಹ್ಯಾಂಡ್ ತೆಗೆದದ್ದು. ಅಲ್ಯೂಮಿನಿಯಂ ಫ್ರೇಮಿನ ಹೈಬ್ರಿಡ್. ನೇರ ಹ್ಯಾಂಡಲು, 700×35 ಟಯರು (35 ಅಂದರೆ ಅಗಲ, ಮಿಲಿಮೀಟರಿನಲ್ಲಿ), ಮಡ್‌ಗಾರ್ಡು, ಕ್ಯಾರಿಯರು ಎಲ್ಲ ಉಂಟು. ಕೂತರೆ ಮೈ ನೆಟ್ಟಗೆ, ಎದೆ ಪೂರಾ ಗಾಳಿಗೆ. ಮೊದಲು ನನಗೂ ಹೊಸ ರೇಸಿಂಗ್ ಸೈಕಲ್ ತೆಗೆದುಕೊಳ್ಳುವ ಆಸೆಯೇ ಹುಟ್ಟಿದ್ದು. ಪೇಟೆಯ ಸೈಕಲ್ ಅಂಗಡಿಯಲ್ಲಿ ಆ ಮಾತು ಎತ್ತಿದೆ. ಅಂಗಡಿಯವರಿಗೆ ಎಪ್ಪತ್ತರ ಹತ್ತಿರ ಪ್ರಾಯ, ಊರಿಡೀ ಅವರನ್ನು ಇಚ್ಚ ಅಂತಲೇ ಕರೆಯುವುದು. ಟ್ಯೂಬನ್ನು ಬಕೆಟಿನ ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದವರು ತಲೆ ಎತ್ತದೆ ಕೇಳಿದರು: "ಮಾಷ್ಟ್ರೇ, ಸೈಕಲ್ಲು ಎಷ್ಟು ಅಗಲ ಉಂಟು? ನೀವು ಎಷ್ಟು ಅಗಲ ಉಂಟು?"

ಅಲ್ಲಿಗೆ ಹೊಸ ಸೈಕಲ್ಲಿನ ವಿಷಯ ಮುಗಿಯಿತು.

ಇಚ್ಚ ಹೇಳಿದ್ದರಲ್ಲಿ ಲೆಕ್ಕವೂ ಉಂಟು. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಆ ತಡೆಯನ್ನು ಮೀರಲಿಕ್ಕೆ ಕಾಲು ಹಾಕಬೇಕಾದ ಶಕ್ತಿ ಎಂಟು ಪಟ್ಟು. ನಾನು, ಸೈಕಲ್ಲು, ಬ್ಯಾಗು ಸೇರಿ 85 ಕಿಲೋ. ಸಮತಟ್ಟು ದಾರಿಯಲ್ಲಿ ಗಂಟೆಗೆ 24-25 ಕಿಲೋಮೀಟರಿನಲ್ಲಿ ಹೋಗಲಿಕ್ಕೆ ಸುಮಾರು 120 ವ್ಯಾಟ್ ಬೇಕು. ಅದರಲ್ಲಿ ಮೂರರಲ್ಲಿ ಎರಡು ಪಾಲು ಗಾಳಿಗೇ ಹೋಗುತ್ತದೆ. ಉಳಿದದ್ದು ಹೆಚ್ಚಾಗಿ ಟಯರು ಉರುಳುವಾಗಿನ ತಡೆಗೆ. ಗಾಳಿಗೆ ಹೋಗುವ ಆ ಪಾಲಿನಲ್ಲಿ ಸೈಕಲ್ಲಿನದ್ದು ಕಮ್ಮಿ, ಮುಕ್ಕಾಲು ಭಾಗದ ಆಸುಪಾಸು ಸವಾರನ ಮೈಯದ್ದೇ. ಅಂದ ಮೇಲೆ ರಿಪೇರಿ ಆಗಬೇಕಾದ ಸಾಮಾನು ಯಾವುದು ಅಂತ ಗೊತ್ತಾಯಿತಲ್ಲ.

ಕೆಲಸಕ್ಕೆ ಕೈ ಹಾಕುವ ಮೊದಲು ಅಳೆಯುವ ದಾರಿ ಬೇಕಿತ್ತು. ಶಾಲೆಗೆ ಹೋಗಿ ಬರುವ ಟೈಮು ಇಟ್ಟರೆ ಪ್ರಯೋಜನ ಇಲ್ಲ. ಒಂದು ದಿನ ಗಾಳಿ ಜಾಸ್ತಿ, ಒಂದು ದಿನ ಹೈವೇ ಕೆಲಸದ ಟಿಪ್ಪರು ಅಡ್ಡ, ಇನ್ನೊಂದು ದಿನ ನನಗೇ ನಿದ್ದೆ ಸರಿ ಆಗಿಲ್ಲ. ಕಾಲು ಹಾಕುವ ಶಕ್ತಿ ಅಳೆಯುವ ಪವರ್ ಮೀಟರು ಅಂತ ಒಂದು ಸಾಮಾನು ಸಿಗುತ್ತದೆ, ಅದರ ಕ್ರಯ ನನ್ನ ಸೈಕಲ್ಲಿಗಿಂತ ಜಾಸ್ತಿ. ಹಾಗಾಗಿ ಇಳಿತ ಹುಡುಕಿದೆ. ಸೀತಾಂಗೋಳಿ ಕಡೆಯಿಂದ ಕುಂಬಳೆಗೆ ಬರುವಾಗ ಮುರಕಲ್ಲಿನ ಪದವು, ಅಂದರೆ ಎತ್ತರದ ಬಯಲು, ಇಳಿದು ಬರಬೇಕು. ಅಲ್ಲಿ ಅರ್ಧ ಕಿಲೋಮೀಟರಿಗಿಂತ ಸ್ವಲ್ಪ ಉದ್ದ, ತಿರುವಿಲ್ಲದ, ಜೋರೂ ಅಲ್ಲದ ಒಂದು ಇಳಿತ ಸಿಕ್ಕಿತು. ನೂರು ಮೀಟರಿಗೆ ಮೂರು ಮೀಟರಿನಷ್ಟು ಇಳಿಯಬಹುದು.

ಇಂಥ ಇಳಿತದಲ್ಲಿ ಪೆಡಲು ತುಳಿಯದೆ ಬಿಟ್ಟರೆ ಸೈಕಲ್ಲು ಸ್ವಲ್ಪ ದೂರ ವೇಗ ಏರಿಸಿಕೊಳ್ಳುತ್ತದೆ, ಆಮೇಲೆ ಏರುವುದಿಲ್ಲ. ಕೆಳಗೆ ಎಳೆಯುವ ಭಾರವೂ ಎದುರಿನ ಗಾಳಿಯೂ ಸಮ ಆದ ಜಾಗ ಅದು. ಮಳೆ ಹನಿ ಎಷ್ಟು ಎತ್ತರದಿಂದ ಬಿದ್ದರೂ ತಲೆ ತೂತಾಗುವುದಿಲ್ಲ ಅಲ್ವಾ, ಅದೇ ಲೆಕ್ಕ. ಭಾರ ಬದಲಾಗದೆ ಕೊನೆಯ ವೇಗ ಏರಿತು ಅಂತಾದರೆ ಗಾಳಿಯ ತಡೆ ಕಮ್ಮಿ ಆಯಿತು ಅಂತಲೇ ಅರ್ಥ. ಕಾಲಿನ ಶಕ್ತಿ ಲೆಕ್ಕಕ್ಕೇ ಬರುವುದಿಲ್ಲ, ಅದೇ ಇದರ ಒಳ್ಳೆ ಗುಣ.

ಶನಿವಾರ, ಭಾನುವಾರ ಬೆಳಿಗ್ಗೆ ಆರೂಕಾಲಿಗೆ, ಗಾಳಿ ಏಳುವ ಮೊದಲು ಹೋಗುತ್ತಿದ್ದೆ. ಮೇಲಿನ ಒಂದು ಲೈಟು ಕಂಬದ ಹತ್ತಿರ 25ರ ವೇಗ ಮಾಡಿಕೊಂಡು ಕಾಲು ನಿಲ್ಲಿಸುವುದು, ಪೆಡಲು ಎರಡೂ ಅಡ್ಡಕ್ಕೆ ಸಮವಾಗಿ ಇಡುವುದು, ಕೆಳಗಿನ ಮೋರಿ ದಾಟುವಾಗ ಮೀಟರಿನಲ್ಲಿ ಎಷ್ಟು ಉಂಟು ಅಂತ ನೋಡುವುದು. ಒಂದೊಂದು ಬದಲಾವಣೆಗೂ ಐದು ಸಲ. ಐದೂ ಸಲ ತಿರುಗಿ ಮೇಲೆ ತುಳಿಯಬೇಕು, ಅದನ್ನು ಯಾರೂ ಹೇಳಿಕೊಡುವುದಿಲ್ಲ. ಹಾಲು ಡಿಪೋಗೆ ಹೋಗುವ ಒಬ್ಬರು ಮೂರನೇ ವಾರ ನಿಂತು ಕೇಳಿಯೇ ಬಿಟ್ಟರು, "ಎಂತ, ಏನಾದರೂ ಬಿದ್ದು ಹೋಗಿದೆಯಾ?"

ಮೊದಲ ದಿನದ ಸರಾಸರಿ 30.8. ಶಾಲೆಗೆ ಹೋಗುವ ಅಂಗಿಯಲ್ಲಿ, ನೆಟ್ಟಗೆ ಕೂತು.

ಆ ಅಂಗಿ ಇಳಿಯುವಾಗ ಹಿಂದೆ ಪಟಪಟ ಬಡಿಯುತ್ತಿತ್ತು. ಆ ಶಬ್ದ ಪುಕ್ಕಟೆಗೆ ಬರುವುದಲ್ಲ, ನನ್ನ ವೇಗ ಕೊಟ್ಟು ಕೊಂಡದ್ದು. ಮರುದಿನ ಮೈಗೆ ಅಂಟುವ ಟೀ ಶರ್ಟು ಹಾಕಿ ಬಿಟ್ಟೆ. ಸೈಕಲ್ಲಿನ ಒಂದು ಬೋಲ್ಟೂ ಮುಟ್ಟಿಲ್ಲ, 31.4 ಬಂತು. ಇಡೀ ಕೆಲಸದಲ್ಲಿ ಇದಕ್ಕಿಂತ ಸಸ್ತಾ ಏನೂ ಇಲ್ಲ. ಈಗ ಅಂಗಿ ಮಡಚಿ ಬ್ಯಾಗಿನಲ್ಲಿ ಹೋಗುತ್ತದೆ, ಸ್ಟಾಫ್ ರೂಮಿನಲ್ಲಿ ಹಾಕಿಕೊಳ್ಳುತ್ತೇನೆ. ಮಳೆಗಾಲದ ರೈನ್‌ಕೋಟನ್ನು ನೆನೆದರೇ ಹೆದರಿಕೆ ಆಗುತ್ತದೆ, ಅದು ದೋಣಿಯ ಹಾಯಿ.

ಇನ್ನು ಮೈಯ ಅಗಲ. ಪ್ಲಸ್ ಟೂ ಓದುವ ಮಗಳನ್ನು ಕರೆದು, ಮನೆಯ ಬಿಳಿ ಗೋಡೆಯ ಮುಂದೆ ಸೈಕಲ್ ಸ್ಟ್ಯಾಂಡ್ ಹಾಕಿ ಕೂತು, ಎದುರಿನಿಂದ ಫೋಟೋ ತೆಗೆಸಿದೆ. ಪ್ರಿಂಟು ತೆಗೆದು ಮೇಲೆ ಗ್ರಾಫ್ ಗೆರೆ ಎಳೆದು ಚೌಕ ಎಣಿಸುವುದು. ಹ್ಯಾಂಡಲ್ 62 ಸೆಂಟಿಮೀಟರ್ ಅಂತ ಗೊತ್ತಿರುವುದರಿಂದ ಒಂದು ಚೌಕ ಎಷ್ಟು ಅಂತ ಸಿಗುತ್ತದೆ. ಮೊದಲ ಫೋಟೋ ಎರಡು ಮೀಟರಿನಿಂದ ತೆಗೆದದ್ದು. ಅದರಲ್ಲಿ ನನ್ನ ಮುಷ್ಟಿ ತಲೆಯಷ್ಟು ದೊಡ್ಡದು ಕಂಡಿತು. "ಅಪ್ಪಾ, ಹತ್ತಿರದ್ದು ದೊಡ್ಡದು ಕಾಣ್ತದೆ, ದೂರ ಹೋಗಿ ಝೂಮ್ ಮಾಡಬೇಕು" ಅಂತ ಅವಳೇ ಹೇಳಿದ್ದು. ಅಂಗಳದ ಆಚೆ ತುದಿಗೆ ಹೋಗಿ, ಹತ್ತು ಮೀಟರಿನಿಂದ ತೆಗೆದಾಗ ಸರಿ ಬಂತು. ಎಣಿಸಿದರೆ ಎದುರಿನ ವಿಸ್ತೀರ್ಣ 0.54 ಚದರ ಮೀಟರ್. ನಮ್ಮ ಹಳೆ ಮನೆಯ ಕಿಟಕಿಯ ಒಂದು ಬಾಗಿಲು ಅದಕ್ಕಿಂತ ಚಿಕ್ಕದು. ಆ ಬಾಗಿಲನ್ನು ಎದೆಗೆ ಕಟ್ಟಿಕೊಂಡು ನಾನು ದಿನಾ ಮೊಗ್ರಾಲು ದಾಟುತ್ತಿದ್ದೆ.

ಎಲ್ಲರೂ ಹ್ಯಾಂಡಲಿಗೆ ಮೊದಲು ಕೈ ಹಾಕುತ್ತಾರೆ. ನಾನೂ ಹಾಕುತ್ತಿದ್ದೆ. ಇಚ್ಚ ತಡೆದರು, ಮೊದಲು ಸೀಟು ನೋಡಿ ಅಂದರು. ನನ್ನ ಸೀಟು ತಗ್ಗಿತ್ತು, ಸಿಗ್ನಲಿನಲ್ಲಿ ಎರಡೂ ಕಾಲು ಊರಬೇಕು ಅಂತ ಇಟ್ಟದ್ದು. ತುಳಿಯುವಾಗ ಮೊಣಕಾಲು ಪೂರಾ ಬಿಡಿಸುತ್ತಲೇ ಇರಲಿಲ್ಲ. ಸೀಟಿಗೆ ಒಂದು ಹಳೆ ಲೆಕ್ಕ ಉಂಟು. ಬರಿಗಾಲಿನಲ್ಲಿ ಗೋಡೆಗೆ ಒರಗಿ ನಿಂತು, ತೊಡೆ ಸಂದಿಗೆ ಒಂದು ಪುಸ್ತಕ ಒತ್ತಿ ಹಿಡಿದು, ಅದರ ಮೇಲಿನ ಅಂಚಿನಿಂದ ನೆಲಕ್ಕೆ ಅಳತೆ ತೆಗೆಯಬೇಕು. ನನ್ನದು 80 ಸೆಂಟಿಮೀಟರ್. ಅದನ್ನು 0.883ರಿಂದ ಗುಣಿಸಿದರೆ ಎರಡೂ ಪೆಡಲಿನ ಕೋಲು ತಿರುಗುವ ನಡು ಅಚ್ಚಿನಿಂದ ಸೀಟಿನ ಮೇಲ್ಮೈಗೆ ಇರಬೇಕಾದ ದೂರ: 70.6. ನನ್ನದು 67ರಲ್ಲಿ ಇತ್ತು. ಒಮ್ಮೆಲೇ ಏರಿಸಲಿಲ್ಲ, ವಾರಕ್ಕೆ ಒಂದು ಸೆಂಟಿಮೀಟರಿನ ಹಾಗೆ. ಹಿಮ್ಮಡಿ ಪೆಡಲಿನ ಮೇಲೆ ಇಟ್ಟು ಹಿಂದಕ್ಕೆ ತುಳಿದಾಗ ಕಾಲು ನೆಟ್ಟಗಾಗಬೇಕು, ಸೊಂಟ ಆಚೀಚೆ ವಾಲಬಾರದು. 70.4ರಲ್ಲಿ ನಿಲ್ಲಿಸಿದೆ. ಸೀಟು ಏರಿದ್ದಕ್ಕೆ ಹ್ಯಾಂಡಲು ತನ್ನಷ್ಟಕ್ಕೆ ತಗ್ಗಿದ ಹಾಗಾಯಿತು. ಮೊಣಕಾಲಿನ ಚಿಪ್ಪಿನ ಹಿಂದೆ ಇದ್ದ ಹಳೆ ನೋವೂ ಹೋಯಿತು, ಅದು ಮಾತ್ರ ನಾನು ಕೇಳದೆ ಸಿಕ್ಕಿದ ಲಾಭ.

ಈಗ ಸ್ಟೆಮ್, ಅಂದರೆ ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಕೊಳವೆಯನ್ನೂ ಹ್ಯಾಂಡಲನ್ನೂ ಹಿಡಿದುಕೊಂಡಿರುವ ತುಂಡು. ನನ್ನದು 90 ಮಿಲಿಮೀಟರ್ ಉದ್ದ, 7 ಡಿಗ್ರಿ ಮೇಲಕ್ಕೆ ಮುಖ ಮಾಡಿ ಕೂತಿತ್ತು. ಅದರ ಅಡಿಯಲ್ಲಿ 10 ಮಿಲಿಮೀಟರಿನ ಮೂರು ಸ್ಪೇಸರ್ ರಿಂಗು. ರಿಂಗುಗಳನ್ನು ಮೇಲೆ ಹಾಕಿ ಸ್ಟೆಮನ್ನು ಕೆಳಗಿಳಿಸಿದರೆ 30 ಮಿಲಿಮೀಟರ್. ಸ್ಟೆಮನ್ನು ಮಗುಚಿ ಹಾಕಿದರೆ ಎರಡು ಸಲ 90 ಸೈನ್ 7, ಅಂದರೆ ಇನ್ನೊಂದು 22. ಒಟ್ಟು ಹತ್ತಿರ ಹತ್ತಿರ 5 ಸೆಂಟಿಮೀಟರ್ ತಗ್ಗುತ್ತದೆ, ಒಂದು ರೂಪಾಯಿ ಖರ್ಚಿಲ್ಲದೆ. ತ್ರಿಕೋನಮಿತಿ ಎಂತಕ್ಕೆ ಸರ್ ಅಂತ ಕೇಳುವ ಮಕ್ಕಳಿಗೆ ಮರುದಿನ ಇದನ್ನೇ ಬೋರ್ಡಿನಲ್ಲಿ ಬರೆದೆ.

ಕೆಲಸ ಅಂಗಳದಲ್ಲೇ ಶುರು ಮಾಡಿದೆ. ಅಂಗಳ ತುಂಬ ಅಡಿಕೆ ಒಣಗಲಿಕ್ಕೆ ಹಾಕಿತ್ತು, ಒಂದು ಮೂಲೆ ಮಾತ್ರ ಖಾಲಿ. 5 ಮಿಲಿಮೀಟರಿನ ಅಲನ್ ಕೀಯಲ್ಲಿ ಮೇಲಿನ ಮುಚ್ಚಳದ ಬೋಲ್ಟು ತೆಗೆದೆ. ಬದಿಯ ಎರಡು ಬೋಲ್ಟು ಸಡಿಲ ಮಾಡಿದೆ. ಸ್ಟೆಮ್ ಎತ್ತಿದೆ. ಫೋರ್ಕನ್ನು ಹಿಡಿದಿರುವುದು ಆ ಸ್ಟೆಮೇ ಅಂತ ನನಗೆ ಓದಿ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಫೋರ್ಕು ಚಕ್ರದ ಸಮೇತ ಸರ್ರನೆ ಕೆಳಗೆ ಜಾರಿತು. ಮೇಲಿನ ಬೇರಿಂಗಿನ ಮೇಲೆ ಕೂರುವ ಸೀಳು ಇರುವ ಸಣ್ಣ ರಿಂಗು ಟಣ್ ಅಂತ ನೆಲಕ್ಕೆ ಬಿದ್ದು, ಉರುಳಿ, ಅಡಿಕೆಯ ಒಳಗೆ ಹೋಯಿತು.

ಮೂರು ಗೋಣಿಯಷ್ಟು ಅಡಿಕೆ. ರಿಂಗಿನ ಬಣ್ಣವೂ ಕಂದು, ಹಳೆ ಗ್ರೀಸು ಹಿಡಿದು. ನಾನು, ಮಗಳು, ಆಮೇಲೆ ಬೈದುಕೊಂಡು ಹೆಂಡತಿ, ಮೂವರೂ ಕುಕ್ಕರಗಾಲಿನಲ್ಲಿ ಕೂತು ಅರ್ಧ ಗಂಟೆ ಅಡಿಕೆ ಸರಿಸಿದೆವು. ಕೊನೆಗೆ ಸಿಕ್ಕಿದ್ದು ಮಗಳು ಸ್ಪೀಕರಿನ ಅಯಸ್ಕಾಂತ ತಂದು ಆಡಿಸಿದಾಗ. ಈ ರಿಂಗು ಇಲ್ಲದಿದ್ದರೆ ಬೇರಿಂಗು ನಡುವಿನಲ್ಲಿ ನಿಲ್ಲುವುದಿಲ್ಲ, ಹ್ಯಾಂಡಲು ಲಟಲಟ ಅನ್ನುತ್ತದೆ. ಇನ್ನು ಮೇಲೆ ಸ್ಟೆಮ್ ತೆಗೆಯುವ ಮೊದಲು ಒಂದು ಸ್ಟ್ರಾಪ್ ತಂದು ಫೋರ್ಕನ್ನು ಫ್ರೇಮಿಗೆ ಕಟ್ಟುತ್ತೇನೆ. ಬಿಚ್ಚಿದ್ದು ಹೇಗೂ ಬಿಚ್ಚಿತು ಅಂತ ಬೇರಿಂಗು ಒರೆಸಿ ಹೊಸ ಗ್ರೀಸು ಹಾಕಿದೆ. ಕೆಳಗಿನ ಬೇರಿಂಗಿನಲ್ಲಿ ಎರಡು ಮಳೆಗಾಲದ ಕೆಸರು ಇತ್ತು.

ತಿರುಗಿ ಜೋಡಿಸುವಾಗ ಕ್ರಮ ತಪ್ಪಬಾರದು. ಸ್ಟೆಮ್ ಮಗುಚಿ ಕೂರಿಸಿ, ಮೂರೂ ರಿಂಗು ಅದರ ಮೇಲೆ ಇಟ್ಟೆ. ಫೋರ್ಕಿನ ಕೊಳವೆ ಮೇಲಿನ ರಿಂಗಿನ ಬಾಯಿಗಿಂತ ಎರಡು ಮೂರು ಮಿಲಿಮೀಟರ್ ತಗ್ಗಿನಲ್ಲಿ ಇರಬೇಕು. ಸಮ ಇದ್ದರೆ ಮುಚ್ಚಳ ಒತ್ತುವುದು ಕೊಳವೆಯನ್ನು, ಬೇರಿಂಗನ್ನಲ್ಲ. ಮೊದಲು ಮೇಲಿನ ಬೋಲ್ಟನ್ನು ಮೆಲ್ಲಗೆ ಬಿಗಿ ಮಾಡುತ್ತಾ ಬರಬೇಕು. ಮುಂದಿನ ಬ್ರೇಕು ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಆಡಿಸಿದಾಗ ಲಟಕ್ ಅನ್ನುವುದು ನಿಂತರೆ ಸಾಕು. ಅದಕ್ಕಿಂತ ಬಿಗಿ ಮಾಡಿದರೆ ಹ್ಯಾಂಡಲು ತಿರುಗುವುದೇ ಭಾರ. ಆಮೇಲೆ ಸ್ಟೆಮನ್ನು ಚಕ್ರಕ್ಕೆ ನೇರ ಮಾಡಿ ಬದಿಯ ಬೋಲ್ಟುಗಳನ್ನು ಬಿಗಿ ಮಾಡಬೇಕು, ಒಂದಕ್ಕೆ ಕಾಲು ಸುತ್ತು, ಇನ್ನೊಂದಕ್ಕೆ ಕಾಲು ಸುತ್ತು. ಸ್ಟೆಮಿನ ಮೇಲೆ 5 ಎನ್‌ಎಂ ಅಂತ ಬರೆದಿತ್ತು, ನ್ಯೂಟನ್ ಮೀಟರು, ಎಷ್ಟು ಬಿಗಿ ಮಾಡಬೇಕು ಅನ್ನುವ ಅಳತೆ. ನನ್ನ ಹತ್ತಿರ ಟಾರ್ಕ್ ಸ್ಪ್ಯಾನರ್ ಇಲ್ಲ. ಗಂಡಸಿನ ಕೈಯಲ್ಲವಾ, ಇನ್ನೊಂದು ಸುತ್ತು ಇರಲಿ ಅಂತ ಹ್ಯಾಂಡಲ್ ಹಿಡಿಯುವ ಮುಂದಿನ ಪ್ಲೇಟಿನ ಒಂದು ಬೋಲ್ಟನ್ನು ತಿರುಗಿಸಿದೆ. ಬೋಲ್ಟು ಇದ್ದಕ್ಕಿದ್ದ ಹಾಗೆ ಹಗುರ ಆಯಿತು. ಒಳಗಿನ ಥ್ರೆಡ್ಡು ಹೋಗಿತ್ತು.

ಇಚ್ಚ ಅದನ್ನು ನೋಡಿ ಏನೂ ಹೇಳಲಿಲ್ಲ. ಹಳೆ ಸಾಮಾನಿನ ಡಬ್ಬಿ ಕವುಚಿ, ಅದೇ ಅಳತೆಯ ಇನ್ನೊಂದು ಸ್ಟೆಮ್ ಹುಡುಕಿ ಕೊಟ್ಟರು. 200 ರೂಪಾಯಿ. ಒಂದು ರೂಪಾಯಿ ಖರ್ಚಿಲ್ಲದ ಕೆಲಸಕ್ಕೆ.

ಬ್ರೇಕಿನ, ಗೇರಿನ ಕೇಬಲು ಈಗ ಉದ್ದ ಆಗಿ ಮುಂದೆ ಬಿಲ್ಲಿನ ಹಾಗೆ ನಿಂತಿದ್ದವು. ಅವನ್ನು ಅಂಗಡಿಯಲ್ಲೇ ಕತ್ತರಿಸಿ ಹೊಸ ಒಳತಂತಿ ಹಾಕಿಸಿದೆ.

ಇಳಿತಕ್ಕೆ ಹೋದರೆ 33.1. ಅಂಗಿಯಿಂದ ಸಿಕ್ಕಿದ್ದರ ಮೇಲೆ ಮತ್ತೆ 1.7.

ಹ್ಯಾಂಡಲಿನ ಅಗಲ ನನ್ನ ಹೆಗಲಿಗಿಂತ ಜಾಸ್ತಿ ಇತ್ತು. ಕೈ ಅಗಲ ಇಟ್ಟರೆ ತೋಳುಗಳ ನಡುವೆ ಎದೆ ಇನ್ನೂ ತೆರೆದುಕೊಳ್ಳುತ್ತದೆ. ಎರಡೂ ಕಡೆ 4 ಸೆಂಟಿಮೀಟರ್ ಕತ್ತರಿಸುವುದು ಅಂತ ಗರಗಸ ಹಿಡಿದು ಹೋದವನಿಗೆ ಇಚ್ಚ, "ಕತ್ತರಿಸಿದ್ದನ್ನು ಅಂಟಿಸಲಿಕ್ಕೆ ನನ್ನ ಹತ್ತಿರ ಗಮ್ಮು ಇಲ್ಲ ಮಾಷ್ಟ್ರೇ" ಅಂದರು. ಗ್ರಿಪ್ಪು, ಬ್ರೇಕು, ಗೇರು ಎಲ್ಲವನ್ನೂ 4 ಸೆಂಟಿಮೀಟರ್ ಒಳಗೆ ಸರಿಸಿ, ತುದಿ ಹಾಗೇ ಬಿಟ್ಟು ಒಂದು ವಾರ ಓಡಿಸಲಿಕ್ಕೆ ಹೇಳಿದರು. ಮೊದಲ ಎರಡು ದಿನ ಸೈಕಲ್ಲು ಚಂಚಲ ಅನ್ನಿಸಿತು, ಆಮೇಲೆ ಗೊತ್ತೇ ಆಗಲಿಲ್ಲ. ಆಗ ಕತ್ತರಿಸಿದೆವು. ಸುತ್ತ ಟೇಪು ಹಾಕಿ, ಟೇಪಿನ ಅಂಚಿಗೆ ಹ್ಯಾಕ್ಸಾ ಇಟ್ಟು, ಅರದಲ್ಲಿ ಉಜ್ಜಿ, ತುದಿಗೆ ಪ್ಲಗ್ಗು. ಆ ಪ್ಲಗ್ಗು ಮರೆಯಬಾರದು. ಬಿದ್ದಾಗ ಬಾಯಿ ತೆರೆದ ಕೊಳವೆ ಹೊಟ್ಟೆಗೆ ಚುಚ್ಚಿದರೆ ಚೂರಿಯೇ.

ಉದ್ದ ಇದ್ದ ಎರಡು ಬಾರ್ ಎಂಡ್ ಇಚ್ಚನ ಡಬ್ಬಿಯಲ್ಲೇ ಸಿಕ್ಕಿತು. ಸಾಮಾನ್ಯವಾಗಿ ಅದನ್ನು ಹ್ಯಾಂಡಲಿನ ತುದಿಗೆ ಹಾಕುತ್ತಾರೆ, ಕೊಂಬಿನ ಹಾಗೆ. ನಾವು ಗ್ರಿಪ್ಪಿನ ಒಳಬದಿಗೆ ಹಾಕಿದೆವು. ಅದನ್ನು ಹಿಡಿದರೆ ಕೈ ಎರಡೂ ಹತ್ತಿರ ಬರುತ್ತವೆ, ಮೊಣಕೈ ತನ್ನಷ್ಟಕ್ಕೆ ಮಡಚುತ್ತದೆ. ಒಂದು ತೊಂದರೆ: ಅಲ್ಲಿಂದ ಬ್ರೇಕು ಎಟಕುವುದಿಲ್ಲ. ಖಾಲಿ ದಾರಿ, ಎದುರು ಸ್ಪಷ್ಟ ಕಾಣುವಾಗ ಮಾತ್ರ. ಸರ್ವಿಸ್ ರೋಡಿನಲ್ಲಿ, ಬಸ್ಸು ಹಿಂದಿನಿಂದ ಹಾರ್ನ್ ಹಾಕುವ ಜಾಗದಲ್ಲಿ ಅದಕ್ಕೆ ಕೈ ಹಾಕುವುದೇ ಇಲ್ಲ.

ಜನವರಿಯ ಮೂರನೇ ವಾರ ಟಯರು ಬದಲಾಯಿಸಿದೆ, 35ರಿಂದ 28ಕ್ಕೆ. ಸೋಮವಾರ ಬೆಳಿಗ್ಗೆಯೇ ಮೀಟರಿನಲ್ಲಿ ಗಂಟೆಗೆ ಅರ್ಧ ಕಿಲೋಮೀಟರಿನ ಹತ್ತಿರ ಜಾಸ್ತಿ! ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ. ಮನೆಗೆ ಬಂದು ನೋಡಿದರೆ ದೂರ 13.2 ತೋರಿಸುತ್ತಿದೆ. ದಾರಿ ಉದ್ದ ಆಗಿತ್ತಾ? ಮೀಟರು ಚಕ್ರದ ಸುತ್ತನ್ನು ಎಣಿಸುತ್ತದೆ, ಒಂದು ಸುತ್ತಿಗೆ ಎಷ್ಟು ದೂರ ಅಂತ ನಾವು ಹೇಳಿಕೊಡಬೇಕು. 35ರ ಟಯರಿಗೆ 2168 ಮಿಲಿಮೀಟರ್ ಅಂತ ಹಾಕಿದ್ದೆ. 28ರದ್ದು ಸುತ್ತಳತೆ ಕಮ್ಮಿ, 2136. ಅದನ್ನು ತಿದ್ದದೆ ನೂರಕ್ಕೆ ಒಂದೂವರೆಯಷ್ಟು ಸುಳ್ಳು ವೇಗ ಓಡಿಸಿದ್ದೆ. ತಿದ್ದಿದ ಮೇಲೆ ಟಯರಿನಿಂದ ಸಿಕ್ಕಿದ ಲಾಭ ಗೀಚಿ ಗೀಚಿ ಹುಡುಕಬೇಕಾದಷ್ಟು. ಅದರ ಮೇಲೆ ಹೈವೇ ಕೆಲಸದ ಜಲ್ಲಿಗೆ ಎರಡು ವಾರದಲ್ಲಿ ಮೂರು ಪಂಕ್ಚರ್. 35ನ್ನೇ ತಿರುಗಿ ಹಾಕಿದೆ, ಮೀಟರಿನಲ್ಲೂ.

ಪಂಕ್ಚರ್ ಹಾಕಿಸುವ ಹೊತ್ತಿನಲ್ಲಿ ಇಚ್ಚನಿಗೆ ಕತೆ ಹೇಳುವುದು ನನ್ನ ಕೆಲಸ. ಗ್ರೇಮ್ ಒಬ್ರಿಯ ಕತೆ ಅವರಿಗೆ ಭಾರಿ ಇಷ್ಟ ಆಯಿತು. ಸ್ಕಾಟ್ಲೆಂಡಿನ ಈ ಮನುಷ್ಯ ತನ್ನ ಸೈಕಲ್ಲನ್ನು ತಾನೇ ಬೆಸುಗೆ ಹಾಕಿ ಮಾಡಿದ್ದ, ಅದರಲ್ಲಿ ವಾಷಿಂಗ್ ಮೆಷಿನಿನ ಬೇರಿಂಗು ಇತ್ತು. ಹ್ಯಾಂಡಲು ಎದೆಯ ಹತ್ತಿರ. ಕೈಯನ್ನು ಪೂರಾ ಮಡಚಿ ಎದೆಯ ಅಡಿಗೆ ಸೇರಿಸಿ ಕೂರುವ ಹೊಸ ಭಂಗಿ ಅವನದ್ದು, ಕೋಳಿ ರೆಕ್ಕೆ ಒಳಗೆ ಎಳೆದುಕೊಂಡ ಹಾಗೆ. 1993ರ ಜುಲೈಯಲ್ಲಿ ನಾರ್ವೆಯ ಹಾಮಾರ್‌ನಲ್ಲಿ ಒಂದು ಗಂಟೆಯಲ್ಲಿ 51.596 ಕಿಲೋಮೀಟರ್ ಹೋಗಿ ಫ್ರಾನ್ಸೆಸ್ಕೊ ಮೊಸರ್ ಒಂಬತ್ತು ವರ್ಷದಿಂದ ಇಟ್ಟುಕೊಂಡಿದ್ದ ದಾಖಲೆ ಮುರಿದ. ಹಿಂದಿನ ದಿನ ಪ್ರಯತ್ನಿಸಿ ಆಗಿರಲಿಲ್ಲ, ಮರುದಿನ ಬೆಳಿಗ್ಗೆ ಎದ್ದು ಮತ್ತೆ ಮಾಡಿದ. ಒಂದು ವಾರದೊಳಗೆ ಕ್ರಿಸ್ ಬೋರ್ಡ್‌ಮನ್ ಆ ದಾಖಲೆಯನ್ನೂ ಮುರಿದ. 1994ರಲ್ಲಿ ಸೈಕ್ಲಿಂಗಿನ ಅಂತಾರಾಷ್ಟ್ರೀಯ ಸಂಸ್ಥೆ ಒಬ್ರಿಯ ಭಂಗಿಯನ್ನೇ ನಿಷೇಧ ಮಾಡಿತು.

"ಕೂತದ್ದಕ್ಕೆ ನಿಷೇಧವಾ?" ಅಂತ ಇಚ್ಚ ಬಿದ್ದು ಬಿದ್ದು ನಕ್ಕರು. ಆಮೇಲೆ, "ಯಾವ ವಾಷಿಂಗ್ ಮೆಷಿನಿನದ್ದು?"

1989ರ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸಿನ ಕತೆ ಇನ್ನೂ ಚಂದ. ಕೊನೆಯ ದಿನ 24.5 ಕಿಲೋಮೀಟರ್ ಒಬ್ಬೊಬ್ಬರೇ ಓಡಿಸುವ ಸ್ಪರ್ಧೆ. ಗ್ರೆಗ್ ಲೆಮಾಂಡ್ 50 ಸೆಕೆಂಡು ಹಿಂದೆ ಇದ್ದ. ಅವನು ಮೊಣಕೈ ಊರುವ ಉದ್ದ ಹ್ಯಾಂಡಲು ಹಾಕಿದ್ದ, ಉದ್ದ ಬಾಲದ ಹೆಲ್ಮೆಟ್ಟು ಹಾಕಿದ್ದ. ಮುಂದೆ ಇದ್ದ ಲೊರಾಂ ಫಿನ್ಯೋನ್ ಹೆಲ್ಮೆಟ್ಟಿಲ್ಲದೆ, ಜುಟ್ಟು ಹಾರಿಸಿಕೊಂಡು ಓಡಿಸಿದ. ಮೂರು ವಾರ, 3,000 ಕಿಲೋಮೀಟರಿಗಿಂತ ಜಾಸ್ತಿ ಓಡಿಸಿದ ಮೇಲೆ ಲೆಮಾಂಡ್ ಗೆದ್ದದ್ದು 8 ಸೆಕೆಂಡಿನಲ್ಲಿ. ಫಿನ್ಯೋನ್‌ಗೆ ಕೂತರೆ ನೋವಾಗುವ ಹುಣ್ಣೂ ಇತ್ತು, ಎಲ್ಲ ತಪ್ಪನ್ನೂ ಜುಟ್ಟಿನ ಮೇಲೆ ಹಾಕುವುದು ನ್ಯಾಯ ಅಲ್ಲ. ಆದರೂ ನನ್ನ ಶಾಲೆಯ ಅಂಗಿ ನೆನಪಾಗುತ್ತದೆ.

ಸೈಕಲ್ಲಿನ ಕೆಲಸ ಮುಗಿದದ್ದು ಬೇಗ. ಮುಗಿಯದ್ದು ಮೈಯದ್ದು. ಮೊಣಕೈ ಮಡಚಿ, ಮುಂಗೈ ನೆಲಕ್ಕೆ ಸಮ ಮಾಡಿ, ಹೆಗಲು ಕಿವಿಯ ಕಡೆಗೆ ಎಳೆದು, ತಲೆಯನ್ನು ಆಮೆಯ ಹಾಗೆ ಒಳಗೆ ಮಾಡಿಕೊಂಡರೆ ಇಳಿತದಲ್ಲಿ 34.6. ಮಗಳು ಮತ್ತೆ ಹತ್ತು ಮೀಟರಿನಿಂದ ಫೋಟೋ ತೆಗೆದಳು, ಚೌಕ ಎಣಿಸಿದರೆ 0.45. ಅಷ್ಟು ಚಂದದ ಅಂಕಿ. ಆದರೆ ಆ ಭಂಗಿಯಲ್ಲಿ ನಾನು ಇರಬಹುದಾದದ್ದು ನಾಲ್ಕು ನಿಮಿಷ. ಐದನೇ ನಿಮಿಷಕ್ಕೆ ಕತ್ತಿನ ಹಿಂದೆ ಯಾರೋ ಹೆಬ್ಬೆರಳು ಒತ್ತಿದ ಹಾಗೆ. ತುಳಿಯುವಾಗ ತೊಡೆ ಹೊಟ್ಟೆಗೆ ತಾಗುತ್ತದೆ, ಅದಕ್ಕೆ ಯಾವ ಅಲನ್ ಕೀಯೂ ಇಲ್ಲ. ಸೀಟನ್ನು ಒಂದು ಸೆಂಟಿಮೀಟರ್ ಮುಂದೆ ತಂದಾಗ ಸ್ವಲ್ಪ ಜಾಗ ಸಿಕ್ಕಿತು. ಮುಂದೆ ಬಗ್ಗಿದ್ದಕ್ಕೆ ಸೀಟಿನ ಮೂಗು ಒತ್ತಿ ಮರಗಟ್ಟಲಿಕ್ಕೆ ಶುರುವಾಯಿತು. ಮೂಗನ್ನು ಜೋರು ತಗ್ಗಿಸಿದೆ. ಜಾರಿ ಜಾರಿ ಭಾರ ಎಲ್ಲ ಅಂಗೈಗೆ ಬಂದು, ಸಂಜೆ ಚಾಕ್ ಹಿಡಿದ ಕಿರುಬೆರಳು ಜೋಮು. ತಿರುಗಿ ಮೇಲೆ ತಂದು, ಮೊಬೈಲಿನಲ್ಲಿ ಮಟ್ಟ ನೋಡಿ ಎರಡು ಡಿಗ್ರಿ ತಗ್ಗಿಗೆ ನಿಲ್ಲಿಸಿದೆ. ರಾತ್ರಿ ಚಾಪೆ ಹಾಕಿ ಮೊಣಕೈ ಊರಿ ಮೈ ಹಲಗೆಯ ಹಾಗೆ ಹಿಡಿಯುವುದು, ಮೊದಲು 20 ಸೆಕೆಂಡ್, ಈಗ ಒಂದು ನಿಮಿಷ.

ಬ್ಯಾಗಿನದ್ದು ಒಂದು ಸಣ್ಣ ಮಾತು. ಮೊದಲು ಕ್ಯಾರಿಯರಿನ ಬದಿಗೆ ನೇತು ಹಾಕುತ್ತಿದ್ದೆ, ಉತ್ತರಪತ್ರಿಕೆಯ ಕಟ್ಟು ಇದ್ದ ದಿನ ಅದು ಕಾಲಿನ ಆಚೆಗೂ ಉಬ್ಬುತ್ತಿತ್ತು. ಈಗ ಉದ್ದುದ್ದಕ್ಕೆ ಕ್ಯಾರಿಯರಿನ ಮೇಲೆ, ಸೊಂಟದ ಮರೆಯಲ್ಲಿ. ಟಿಫಿನ್ ಕ್ಯಾರಿಯರ್ ಅಡ್ಡ ಮಲಗಿಸಿದರೆ ಸಾರು ಚೆಲ್ಲುತ್ತದೆ. ಹಾಗಾಗಿ ಈಗ ಮೊಸರನ್ನ.

ಲೆಕ್ಕ ಹಾಕಿದರೆ ಅದೇ 120 ವ್ಯಾಟಿಗೆ ಮೊದಲು 24.3ರಲ್ಲಿ ಹೋಗುತ್ತಿದ್ದವನು ಈಗ 25.9ರಲ್ಲಿ ಹೋಗಬಹುದು. ಬೆಳಿಗ್ಗೆ 2 ನಿಮಿಷ ಉಳಿತಾಯ. ಎದುರು ಗಾಳಿ 10 ಕಿಲೋಮೀಟರಿನದ್ದು ಇದ್ದರೆ 19ರಿಂದ 20.6ಕ್ಕೆ, ಅಂದರೆ ಸಂಜೆ 3 ನಿಮಿಷ. ಗಾಳಿ ಇದ್ದ ದಿನವೇ ಜಾಸ್ತಿ ಉಳಿಯುವುದು. ನನ್ನ ಡೈರಿಯಲ್ಲಿ ಫೆಬ್ರವರಿಯ ಸಂಜೆಗಳ ಸರಾಸರಿ 38 ನಿಮಿಷ, ಲೆಕ್ಕಕ್ಕೂ ದಾರಿಗೂ ಜಗಳ ಇಲ್ಲ.

ಇದನ್ನು ಹೆಂಡತಿಗೆ ತೋರಿಸಿದೆ. "3 ನಿಮಿಷಕ್ಕೆ ಇಷ್ಟೆಲ್ಲ ಉಂಟಾ? ನೀವು ಶಾಲೆ ಬಿಟ್ಟ ಮೇಲೆ ಗೇಟಿನ ಹತ್ತಿರ ನಿಂತು ಮಾತಾಡುವುದರಲ್ಲಿ 3 ನಿಮಿಷ ಕಮ್ಮಿ ಮಾಡಿದ್ದರೆ ಆಗ್ತಿತ್ತು. ಅಡಿಕೆಯೂ ಹಾಳಾಗ್ತಿರಲಿಲ್ಲ."

ಫೆಬ್ರವರಿಯ ಕೊನೆಯ ಭಾನುವಾರ ಬೇಕಲಕ್ಕೆ ಹೋದೆ. ಕಾಸರಗೋಡು ದಾಟಿ, ಚಂದ್ರಗಿರಿ ಸೇತುವೆ ದಾಟಿ, ಕಡಲ ಬದಿಯ ದಾರಿ. ಹೋಗುವಾಗ ಹಾಯಾಗಿತ್ತು. ಕೋಟೆಯ ಹತ್ತಿರ ಸೋಡಾ ಶರಬತ್ತು ಕುಡಿದು ಹನ್ನೊಂದೂವರೆಗೆ ತಿರುಗಿದರೆ, ಗಾಳಿ ಅವತ್ತು ಬೇಗ ಎದ್ದಿತ್ತು. ಮೇಲ್ಪರಂಬ ಬರುವಾಗ ಕತ್ತು ಹಿಡಿದುಕೊಂಡಿತು. ಚೌಕಿ ಬರುವಾಗ ತಲೆ ಎತ್ತಿ ದಾರಿ ನೋಡಲಿಕ್ಕೇ ಆಗುತ್ತಿರಲಿಲ್ಲ. ಅಲ್ಲಿಂದ ಮನೆಯ ತನಕ ಹ್ಯಾಂಡಲಿನ ಮೇಲೆ ಬೆರಳ ತುದಿ ಇಟ್ಟು, ನೆಟ್ಟಗೆ ಕೂತು ಬಂದೆ. ಕಿಟಕಿ ಬಾಗಿಲು ಮತ್ತೆ ಎದೆಗೆ ಕಟ್ಟಿಕೊಂಡ ಹಾಗೆ. ಮೊಗ್ರಾಲು ಸೇತುವೆಯಲ್ಲಿ 14 ಕಿಲೋಮೀಟರಿನ ವೇಗ.

ಮರುದಿನ ಫೋರ್ಕನ್ನು ಫ್ರೇಮಿಗೆ ಕಟ್ಟಿ, ಸ್ಟೆಮ್ ತೆಗೆದು, ಒಂದು ರಿಂಗನ್ನು ಮೇಲಿನಿಂದ ಕೆಳಗೆ ತಂದೆ. 10 ಮಿಲಿಮೀಟರ್. ಇಳಿತದಲ್ಲಿ 34.6 ಇದ್ದದ್ದು 34.2 ಆಯಿತು. ಆದರೆ ಆ ವಾರ ಶಾಲೆಯ ಗೇಟಿನಿಂದ ಮನೆಯ ತನಕ ಒಮ್ಮೆಯೂ ನೆಟ್ಟಗೆ ಕೂರಲಿಲ್ಲ, ಬುಧವಾರ ಸಂಜೆ ಗಾಳಿ ಇದ್ದೂ 36 ನಿಮಿಷ ಬಂತು. ಫೋರ್ಕಿನ ಕೊಳವೆ ಉದ್ದ ಉಳಿದಿದೆ, ಮೇಲೆ ಎರಡು ರಿಂಗು ಟೋಪಿಯ ಹಾಗೆ ಕೂತು ನೋಡಲಿಕ್ಕೆ ವಿಕಾರ. ಕತ್ತರಿಸಿ ಕೊಡುವುದಾ ಅಂತ ಇಚ್ಚ ಕೇಳಿದರು. ಬೇಡ ಅಂದೆ. ಅವರು ಬಕೆಟಿಗೆ ಟ್ಯೂಬು ಮುಳುಗಿಸಿದರು.